ಶಂಕ್ರೆವ್ವ ಕಾಪಾಡಿದ ಐದು ಚೀಜುಗಳು

ಸಿಂಗಪುರದ ಪುಂಗೋಲಿನಲ್ಲಿ ಪಿಯಾನೋ ಕಲಿಯುವ ಮಕ್ಕಳಿಗೆಲ್ಲ ಅವಳು 'ಟೀಚರ್ ಶಾನ್'. ಹೆಸರು ಕೇಳಿ ಯಾರೋ ಚೀನೀ ಹೆಂಗಸೇ ಇರಬೇಕೆಂದುಕೊಂಡು ಮಗುವನ್ನು ಕರೆತಂದ ತಾಯಂದಿರು, ಬಾಗಿಲು ತೆರೆದ ಕೂಡಲೇ ತಬ್ಬಿಬ್ಬಾಗಿ ಫ್ಲ್ಯಾಟಿನ ನಂಬರನ್ನು ಇನ್ನೊಮ್ಮೆ ನೋಡುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ. ಹಣೆಯ ತುಂಬ ವಿಭೂತಿ, ಮನೆಯಲ್ಲೂ ಇಳಕಲ್ ಸೀರೆ, ಕೊರಳಲ್ಲಿ ಲಿಂಗದ ಕರಡಿಗೆ. ಅವಳು ಕೂತು ಸ್ವಲ್ಪ ಹೊತ್ತು ನುಡಿಸಿದ ಮೇಲೆ ಆ ತಾಯಂದಿರು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು.

ಅವಳ ನಿಜವಾದ ಹೆಸರು ಶಂಕ್ರೆವ್ವ. ಧಾರವಾಡದವಳು. ನಾನು ಮೈಸೂರಿನ ಸೀತಾ, ಅದೇ ಬ್ಲಾಕಿನಲ್ಲಿ ಕೆಳಗಿನ ಮಹಡಿಯಲ್ಲಿರುವವಳು, ಬ್ಯಾಂಕಿನ ಕೆಲಸ ಮುಗಿಸಿ ಈಗ ಕಂಡವರ ಮನೆಯ ಕಾಫಿ ಕುಡಿಯುವವಳು. ಎದುರಿಗೆ ನಾವಿಬ್ಬರೂ 'ನೀವು' ಎಂದೇ ಮಾತಾಡುತ್ತೇವೆ. ಆದರೆ ಬರೆಯುವಾಗ ಬಹುವಚನ ಹಾಕಿದರೆ ಸನ್ಮಾನಪತ್ರ ಓದಿದ ಹಾಗಾಗುತ್ತದೆ. ಸನ್ಮಾನಗಳ ಮೇಲೆ ನನಗೆ ಮೈಯೆಲ್ಲ ಸಿಟ್ಟು, ಯಾಕೆಂದು ನಿಮಗೇ ಗೊತ್ತಾಗುತ್ತದೆ. ಆದ್ದರಿಂದ ಇಲ್ಲಿ ಅವಳು ಅವಳೇ.

ಅವಳ ಬದುಕಿನಲ್ಲಿ ಇದ್ದದ್ದು ಒಂದೇ ಕೆಲಸ. ಮಕ್ಕಳನ್ನು ಗ್ರೇಡ್ ಪರೀಕ್ಷೆ ಪಾಸು ಮಾಡಿಸುವುದಲ್ಲ, ಅದು ಹೊಟ್ಟೆಪಾಡು. ಅವಳ ಕೈಯಲ್ಲಿ ಐದು ಚೀಜುಗಳಿದ್ದವು. ಧಾರವಾಡದ ಗವಾಯಿಗಳು ಗುರುವಿನಿಂದ ಬಂದ ರಚನೆಗೆ ಚೀಜ್ ಎನ್ನುತ್ತಾರೆ. ಅದನ್ನು ಪೆಟ್ಟಿಗೆಯಲ್ಲಿಟ್ಟ ಒಡವೆಯ ಹಾಗೆ ಕಾಯುತ್ತಾರೆ, ಕಂಡಕಂಡವರಿಗೆ ಕೊಡುವುದಿಲ್ಲ. ಶಂಕ್ರೆವ್ವನ ಐದೂ ಪಿಯಾನೋದ ಚೀಜುಗಳು. ಕಾಗದದ ಮೇಲೆ ಎಲ್ಲೂ ಇಲ್ಲದವು. ತಾನು ಕಣ್ಣು ಮುಚ್ಚುವುದರೊಳಗೆ ಅವನ್ನು ಇನ್ನೊಂದು ಜೊತೆ ಕೈಗೆ ದಾಟಿಸಬೇಕು, ಅಷ್ಟೆ. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಚೇತನಕುಮಾರರು ಬಂದರಿನ ಕಂಪನಿಯಲ್ಲಿ ಇಂಜಿನಿಯರಾಗಿದ್ದವರು, ಸಾಧು ಮನುಷ್ಯ, ಸಂಗೀತ ಶುರುವಾದರೆ ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಳ್ಳುವವರು.

ಆ ಐದನ್ನೂ ಕಟ್ಟಿದವಳು ಹತ್ತೊಂಬತ್ತನೆಯ ಶತಮಾನದ ಒಬ್ಬ ಜರ್ಮನ್ ಹೆಂಗಸು, ವಿಲ್ಹೆಲ್ಮಿನಾ ರೋಟ್. ಅವಳ ಬಗ್ಗೆ ನಾನು ಬರೆಯುವುದೆಲ್ಲ ಬಾಯಿಂದ ಬಾಯಿಗೆ ಬಂದದ್ದು, ಬೇರೆ ಆಧಾರ ಇಲ್ಲ. ತನ್ನೂರಿನಲ್ಲಿ ಚಿಕ್ಕ ವಯಸ್ಸಿಗೇ ಸಭೆಗಳಲ್ಲಿ ಪಿಯಾನೋ ನುಡಿಸಿ ಸೈ ಅನ್ನಿಸಿಕೊಂಡವಳು, ತಾನೇ ರಚನೆ ಮಾಡುತ್ತಿದ್ದವಳು. ಮುಖ ನೋಡದ ಪಾದ್ರಿಯೊಬ್ಬನನ್ನು ಮದುವೆಯಾಗಲು ಹಡಗು ಹತ್ತಿ ಮಂಗಳೂರಿಗೆ ಬಂದಳು. ಅವಳ ಹಿಂದೆಯೇ ಚಕ್ಕಡಿಯಲ್ಲಿ ಹೇರಿಕೊಂಡು ಪಿಯಾನೋ ಘಟ್ಟ ಹತ್ತಿ ಧಾರವಾಡ ಸೇರಿತು. ವಿಲ್ಹೆಲ್ಮಿನಾ ಎಂಬುದು ಜನರ ನಾಲಗೆಗೆ ಹೊರಳಲಿಲ್ಲ. ಗಂಡ ಕರೆಯುತ್ತಿದ್ದ 'ಮಿನ್ನಾ' ಎಂಬುದನ್ನೇ ತಿದ್ದಿ ಮೀನಾಬಾಯಿ ಮಾಡಿಕೊಂಡರು.

ಪಾದ್ರಿ ಕೆಟ್ಟವನಲ್ಲವಂತೆ. ಕೆಟ್ಟವರಲ್ಲದ ಗಂಡಸರಿಂದ ಆಗುವ ಹಾನಿಗೆ ಲೆಕ್ಕ ಇಟ್ಟವರಿಲ್ಲ. ಮೀನಾಬಾಯಿ ಪ್ರಾರ್ಥನೆಯ ಹಾಡುಗಳಿಗೆ ರಾಗ ಕಟ್ಟಿಕೊಟ್ಟಳು, ಪಾದ್ರಿ ಅವನ್ನು ಪುಸ್ತಕ ಮಾಡಿ ಅಚ್ಚು ಹಾಕಿಸಿದ. ಪುಸ್ತಕ ಬಂದಾಗ ನೋಡಿದರೆ ಎಲ್ಲ ರಾಗಗಳ ಕೆಳಗೂ ಅವನ ಹೆಸರು. ಹೆಂಗಸಿನ ಹೆಸರು ದೇವರ ಪುಸ್ತಕದಲ್ಲಿ ಚೆನ್ನಾಗಿ ಕಾಣುವುದಿಲ್ಲ, ನಾವಿಬ್ಬರೂ ಒಂದೇ ಅಲ್ಲವೇ ಎಂದನಂತೆ. ಅಂದಿನಿಂದ ಮೀನಾಬಾಯಿ ಸಂಗೀತದ ಕಾಗದಕ್ಕೆ ಶಾಯಿ ಸೋಕಿಸಲಿಲ್ಲ. ಆಮೇಲೆ ಕಟ್ಟಿದ್ದು ಈ ಐದು. ಹೆತ್ತ ಮಕ್ಕಳೆಲ್ಲ ಜ್ವರಕ್ಕೆ ಹೋದರು. ಮೂರನೆಯ ಚೀಜನ್ನು ಖಾಲಿ ತೊಟ್ಟಿಲಿನ ಪಕ್ಕ ಕೂತು ಕಟ್ಟಿದಳೆಂದು ಹೇಳಿಕೆ. ಅದಕ್ಕೆ ಅದರ ಹೆಸರೇ 'ತೊಟ್ಟಿಲು'. ಐದನ್ನೂ ಮನೆಯ ಆಯಾಳ ಮಗಳಿಗೆ ಕಲಿಸಿ, ನಲವತ್ತು ತುಂಬುವ ಮೊದಲೇ ತೀರಿಕೊಂಡಳು.

ಆ ಆಯಾಳ ಮಗಳಿಂದ ಅವಳ ಮಗಳಿಗೆ, ಆ ಮಗಳಿಂದ ಮೊಮ್ಮಗಳು ಎಸ್ತೇರ್ ಟೀಚರಿಗೆ. ಎಸ್ತೇರ್ ಟೀಚರ್ ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಶಂಕ್ರೆವ್ವನ ಅಪ್ಪ ಸಂಗನಬಸಪ್ಪನವರದು ಹಾರ್ಮೋನಿಯಂ ದುರಸ್ತಿಯ ಅಂಗಡಿ. ಶಾಲೆಯ ಪೆಟ್ಟಿಗೆ ಸರಿಮಾಡಲು ಹೋದಾಗ ಮಗಳೂ ಜೊತೆಗಿದ್ದಳು, ಅಲ್ಲಿದ್ದ ಪಿಯಾನೋಗೆ ಅಂಟಿಕೊಂಡವಳು ಮನೆಗೆ ಬರಲು ಒಪ್ಪಲಿಲ್ಲ. ಎಸ್ತೇರ್ ಟೀಚರಿಗೆ ಮದುವೆಯಿರಲಿಲ್ಲ, ಶಂಕ್ರೆವ್ವನೇ ಮಗಳಾದಳು.

ಕಲಿಸುವ ರೀತಿ ವಿಚಿತ್ರವಾಗಿತ್ತು. ಗುರುವಿನ ಕೈಗಳ ಮೇಲೆ ಶಿಷ್ಯೆ ತನ್ನ ಕೈಗಳನ್ನು ಇಟ್ಟುಕೊಂಡು ಕೂರಬೇಕು. ಗುರು ನುಡಿಸುತ್ತ ಹೋದಂತೆ ಬೆರಳು ಬೆರಳನ್ನು ಹಿಂಬಾಲಿಸಬೇಕು. ತಿಂಗಳುಗಟ್ಟಲೆ ಹಾಗೆ. ಆಮೇಲೆ ಶಿಷ್ಯೆಯ ಕೈ ಕೆಳಗೆ, ಗುರುವಿನ ಕೈ ಮೇಲೆ. ಸ್ವರಗಳ ಹೆಸರು ಹೇಳುವಂತಿಲ್ಲ, ಬರೆಯುವಂತಿಲ್ಲ. ಬೆರಳಿಗೆ ಗೊತ್ತಾಗಬೇಕು, ಬೇರೆ ಯಾವುದಕ್ಕೂ ಗೊತ್ತಾಗಬೇಕಿಲ್ಲ. ಜರ್ಮನಿಯ ಪಿಯಾನೋವನ್ನು ಧಾರವಾಡದ ಗವಾಯಿಗಳ ಕಟ್ಟುಪಾಡಿಗೆ ತಂದು ಕೂರಿಸಿದ್ದರು. ಶಂಕ್ರೆವ್ವ ಮದುವೆಯಾಗಿ ಸಿಂಗಪುರಕ್ಕೆ ಹೊರಡುವ ಮೊದಲು ಎಸ್ತೇರ್ ಟೀಚರ್ ಐದನೆಯದನ್ನೂ ಕೊಟ್ಟು ಅವಳಿಂದ ಮಾತು ತಗೊಂಡರು.

"ಬರೀಬ್ಯಾಡ, ಟೇಪ್ ಮಾಡಬ್ಯಾಡ. ಕಾಗದಕ್ಕ ಹೋದದ್ದು ಗಂಡಸರ ಹೆಸರಿಗೆ ಹೋಗತೈತಿ. ಕೈಯಿಂದ ಕೈಗೆ ಕೊಡು. ಐದನೇದು ಕಡೀಕ ಕೊಡು, ಆಕಿ ಇನ್ನೊಬ್ಬಾಕಿಗೆ ಕಲಸ್ತೀನಿ ಅಂತ ಮಾತು ಕೊಟ್ಟ ಮ್ಯಾಲೆ."

ಇದನ್ನೆಲ್ಲ ಶಂಕ್ರೆವ್ವ ನನಗೆ ಹೇಳಿದ್ದು ನಮ್ಮ ಸ್ನೇಹ ಗಟ್ಟಿಯಾದ ಮೇಲೆ. ಬ್ಯಾಂಕಿನಲ್ಲಿ ಜೀವ ಸವೆಸಿದ ನನಗೆ ಇದು ಶುದ್ಧ ಹುಚ್ಚುತನವಾಗಿ ಕಂಡಿತು.

"ಅಲ್ಲಾ ಶಂಕ್ರೆವ್ವನವರೇ, ಇಷ್ಟೆಲ್ಲಾ ಯಾಕೆ? ಫೋನ್ ಇಟ್ಟು ರೆಕಾರ್ಡ್ ಮಾಡಿಬಿಡಿ. ಬ್ಯಾಕಪ್ ಥರ ಇರುತ್ತೆ."

"ಮಾತು ಕೊಟ್ಟೇನ್ರೀ."

"ಮಾತು ತಗೊಂಡವರು ಹೋಗಿ ಮೂವತ್ತು ವರ್ಷ ಆಯ್ತು."

"ಅದಕ್ಕ ಮುರ್ಯಾಕ ಬರಂಗಿಲ್ಲ. ಇದ್ದಿದ್ರ ಹೋಗಿ ಕೇಳಿ ಬಿಡಿಸ್ಕೋತಿದ್ದೆ."

ಇದಕ್ಕೆ ಏನು ಹೇಳುತ್ತೀರಿ? ನಾನು ಕಾಫಿ ಮುಗಿಸಿ ಮನೆಗೆ ಬಂದೆ. ನನ್ನ ಸಮಾಧಾನಕ್ಕೆ ಯೂರೋಪಿನ ಒಂದು ಪತ್ರಾಗಾರಕ್ಕೆ ಇಮೇಲ್ ಹಾಕಿ ವಿಚಾರಿಸಿದೆ. ರೋಟ್ ಪಾದ್ರಿಯ ಬಗ್ಗೆ ಬೇಕಾದಷ್ಟಿತ್ತು. ಅವನ ದೈವಭಕ್ತಿ, ಅವನು 'ರಚಿಸಿದ' ರಾಗಗಳು. ಹೆಂಡತಿಯ ಬಗ್ಗೆ ಧಾರವಾಡದಲ್ಲಿ ಮೃತಳಾದಳು ಎಂದು ಒಂದು ಸಾಲು. ಹೆಸರೂ ಇರಲಿಲ್ಲ, ಶ್ರೀಮತಿ ರೋಟ್ ಅಷ್ಟೆ. ಶಂಕ್ರೆವ್ವನಿಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

ಶಿಷ್ಯೆ ಸಿಗಲು ವರ್ಷಗಳೇ ಹಿಡಿದವು. ಮೊದಲು ಊರಿನ ಇನ್ನೊಂದು ಬಡಾವಣೆಯಾದ ಯಿಶುನ್‌ನಲ್ಲಿದ್ದಾಗ ಒಬ್ಬ ಚೀನೀ ಹುಡುಗಿ ಇದ್ದಳಂತೆ, ಕೈಯಲ್ಲಿ ಬೆಣ್ಣೆ ಇದ್ದ ಹಾಗೆ ನುಡಿಸುತ್ತಿದ್ದಳಂತೆ. ಅವಳಿಗೆ ಕೊಡಬೇಕೆಂದು ಮನಸ್ಸಾಗಿ, ಮೀನಾಬಾಯಿಯದು ಕನ್ನಡದ ಹುಡುಗಿಯ ಕೈಯಲ್ಲೇ ಉಳಿಯಲಿ ಎಂದು ತಡೆದಳು. ಆ ಹುಡುಗಿ ಆಮೇಲೆ ವಿಯೆನ್ನಾಗೆ ಹೋದಳು. ಶಂಕ್ರೆವ್ವ ಪುಂಗೋಲಿಗೆ ಶಿಫ್ಟ್ ಆದ ಮೇಲೆ ಸಿಕ್ಕಿದವಳು ಅಕ್ಷತಾ, ಪಕ್ಕದ ಬ್ಲಾಕಿನ ಶೈಲಶ್ರೀಯ ಮಗಳು. ಬಾಗಲಕೋಟೆಯ ಕಡೆಯ ಕುಟುಂಬ. ಆರು ವರ್ಷದ ಹುಡುಗಿ ಬಂದ ದಿನವೇ, ಕಿಟಕಿಯಾಚೆ ಎಲ್‌ಆರ್‌ಟಿ ರೈಲು ತಿರುವಿನಲ್ಲಿ ಹೊರಡಿಸುವ ಕೀಚಲು ದನಿಯನ್ನು ಪಿಯಾನೋದ ಮೇಲೆ ಹುಡುಕಿ ಹುಡುಕಿ ಬಾರಿಸಿ ತೋರಿಸಿದಳು. ಶಂಕ್ರೆವ್ವ ಆ ಸಂಜೆ ನನ್ನ ಮನೆಗೆ ಬಂದು ಕಣ್ಣೀರು ಹಾಕಿದಳು. "ಬಂದ್ಲರೀ ಸೀತಾ, ಕಡೀಕ ಬಂದ್ಲು."

ಶೈಲಶ್ರೀಗೆ ಬೇಕಾಗಿದ್ದದ್ದು ಬೇರೆ. "ಆಂಟಿ, ಸೆಕೆಂಡರಿಗೆ ಹೋಗೋ ಹೊತ್ತಿಗೆ ಗ್ರೇಡ್ ಏಯ್ಟ್ ಮುಗಿಸಿಬಿಡಿ. ಮ್ಯೂಸಿಕ್ ಮೇಲೆ ಒಳ್ಳೇ ಸ್ಕೂಲ್‌ನಲ್ಲಿ ಸೀಟ್ ಬುಕ್ ಆಗುತ್ತೆ." ಗ್ರೇಡೂ ಮುಗಿಯಿತು, ಸೀಟೂ ಸಿಕ್ಕಿತು. ಅಲ್ಲಿಗೆ ಪಾಠ ನಿಲ್ಲಬೇಕಿತ್ತು. ನಮ್ಮವರ ಮನೆಗಳಲ್ಲಿ ಪಿಯಾನೋ ಆಮೇಲೆ ಫೋಟೋ ಇಡುವ ಮೇಜಾಗುತ್ತದೆ. ಆದರೆ ಅಕ್ಷತಾ ಬಿಡಲಿಲ್ಲ. ಹದಿಮೂರರಲ್ಲಿ ಮೊದಲ ಚೀಜ್ ಶುರುವಾಯಿತು. ಮುದುಕಿಯ ಕೈಗಳ ಮೇಲೆ ಉಗುರುಬಣ್ಣ ಹಚ್ಚಿದ ಕೈಗಳು. "ಆಂಟಿ, ಬರ್ಕೊಂಡ್ರೆ ಈಸಿ ಲಾ," ಎನ್ನುತ್ತಿದ್ದಳು. "ಈಸಿ ಆಗಬಾರದು," ಎನ್ನುತ್ತಿದ್ದಳು ಶಂಕ್ರೆವ್ವ. ಹತ್ತೊಂಬತ್ತಕ್ಕೆ ನಾಲ್ಕು ಚೀಜುಗಳು ಹುಡುಗಿಯ ಕೈಗೆ ಬಂದಿದ್ದವು. ಐದನೆಯದು ಉಳಿದಿತ್ತು. ದಸರೆಯ ದಿನ ಮಾತು ತಗೊಂಡು ಶುರು ಮಾಡುವುದೆಂದು ನಿಶ್ಚಯವಾಯಿತು. ಆ ದಿನಗಳಲ್ಲಿ ಶಂಕ್ರೆವ್ವನ ನಡಿಗೆಯೇ ಬದಲಾಗಿತ್ತು, ಲಿಫ್ಟಿನಲ್ಲಿ ಸಿಕ್ಕಿದವರನ್ನೆಲ್ಲ ಮಾತಾಡಿಸುತ್ತಿದ್ದಳು.

ದಸರೆಗೆ ಇನ್ನೂ ತಿಂಗಳುಗಳಿರುವಾಗಲೇ ಅಕ್ಷತಾ ಕಚೇರಿಗಳ ಬಡಾವಣೆ ಒನ್-ನಾರ್ತ್‌ನ ಒಂದು ಸ್ಟುಡಿಯೋದಲ್ಲಿ ಇಂಟರ್ನ್ ಆಗಿ ಸೇರಿದಳು. ಜಾಹೀರಾತು, ವಿಡಿಯೋಗಳಿಗೆ ಸಂಗೀತ ಮಾಡುವ ಜಾಗ. ಅವಳ ಮೇಲಿನವನು ವಿಭವ್, ನಮ್ಮ ಮೈಸೂರು ಕಡೆಯ ಹುಡುಗ, ಮೂವತ್ತರ ಆಸುಪಾಸು, ಚುರುಕು. ಊಟದ ಬಿಡುವಿನಲ್ಲಿ ಹುಡುಗಿ ಅಲ್ಲಿದ್ದ ಪಿಯಾನೋದ ಮೇಲೆ ತೊಟ್ಟಿಲು ನುಡಿಸಿದಳು. ಚೆನ್ನಾಗಿದೆ, ಇನ್ನೊಂದ್ಸಲ ನುಡಿಸು ಎಂದ ವಿಭವ್. ನುಡಿಸಿದಳು. ಮೈಕುಗಳು ತೆರೆದೇ ಇದ್ದವು, ಸ್ಟುಡಿಯೋದಲ್ಲಿ ಅವು ಯಾವಾಗಲೂ ತೆರೆದಿರುತ್ತವಂತೆ. ಏನಿದು ಎಂದು ಕೇಳಿದ. ನಮ್ಮ ಕಡೆಯ ಹಳೇದು, ಆಂಟಿ ಹೇಳಿಕೊಟ್ಟದ್ದು ಎಂದಳು. ಬರೆಯಬೇಡ ಎಂದು ಅವಳಿಗೆ ಹೇಳಿತ್ತು, ಬರೆಯಲಿಲ್ಲ; ನುಡಿಸಬೇಡ ಎಂದು ಯಾರೂ ಹೇಳಿರಲಿಲ್ಲ. ನುಡಿಸಲಿಕ್ಕಲ್ಲದೆ ಇನ್ಯಾಕೆ ಕಲಿಯುತ್ತಾರೆ? ಅವಳ ಮೇಲೆ ನನಗೆ ಸಿಟ್ಟಿಲ್ಲ.

ಕೆಲವು ತಿಂಗಳಲ್ಲಿ 'ಪುಂಗೋಲ್ ಮಾರ್ನಿಂಗ್' ಬಂತು. ಕಾಲುವೆಯ ದಡದಲ್ಲಿ ಬೆಳಗಿನ ಓಟ ಓಡುವವರು, ಸೈಕಲ್ಲಿನ ಮಕ್ಕಳು, ಕಾಂಡೋ ಎನ್ನುವ ಹೊಸ ಐಷಾರಾಮಿ ವಸತಿ ಕಟ್ಟಡವೊಂದರ ಜಾಹೀರಾತು, ಹಿಂದೆ ಪಿಯಾನೋ. ರಚನೆ: ವಿಭವ್. ಸತ್ತ ಕೂಸಿನ ತೊಟ್ಟಿಲಿನ ಹಾಡಿಗೆ ತಾಳ ಚುರುಕು ಮಾಡಿ, ಕೆಳಗೆ ಡ್ರಮ್ ಹಾಕಿ, ಮಧ್ಯದ ಅಳುವನ್ನು ಕತ್ತರಿಸಿ, ನಗುವ ಹಾಗೆ ಮಾಡಿದ್ದ. ಜನ ಮುಗಿಬಿದ್ದು ಕೇಳಿದರು. ನಾನು ಮೊದಲು ಕೇಳಿದ್ದು ದಂತವೈದ್ಯರ ಕ್ಲಿನಿಕ್ಕಿನಲ್ಲಿ. ಓಡಿಬಂದು ಶಂಕ್ರೆವ್ವನ ಬಾಗಿಲು ತಟ್ಟಿದರೆ ಅವಳು ಆಗಲೇ ಕೇಳಿಯಾಗಿತ್ತು. ದಸರೆಯ ಪಾಠವನ್ನು ಅವಳೇ ನಿಲ್ಲಿಸಿದಳು. ಅಕ್ಷತಾ ಅತ್ತಳು, ಬೇಡಿದಳು. ಇವಳು ಬಾಗಿಲಲ್ಲೇ ನಿಂತು, "ನೀ ತಪ್ಪು ಮಾಡಿಲ್ಲವಾ, ಆದ್ರ ಈಗ ಬ್ಯಾಡ," ಎಂದು ಕಳಿಸಿದಳು.

ನನಗೆ ಮೈಯೆಲ್ಲ ಉರಿಯಿತು. ವಿಭವ್‌ಗೆ ನಾನೇ ಫೋನ್ ಮಾಡಿ ಕರೆಸಿದೆ. ಎಂಆರ್‌ಟಿ ಸ್ಟೇಷನ್ನಿನ ಹತ್ತಿರದ ಹಾಕರ್ ಸೆಂಟರಿನಲ್ಲಿ, ಸಾಲು ತಿಂಡಿ ಅಂಗಡಿಗಳ ನಡುವೆ, ಮೂವರೂ ಕೂತೆವು. ಬಂದವನೇ ಶಂಕ್ರೆವ್ವನ ಕಾಲು ಮುಟ್ಟಿ ನಮಸ್ಕಾರ ಮಾಡಿದ, ಎಲ್ಲರಿಗೂ ಕಾಫಿ ತಂದ. ಇಂಥವನ ಮೇಲೆ ಕೂಗಾಡುವುದಾದರೂ ಹೇಗೆ?

"ಆಂಟಿ, ಐ ಆಮ್ ಸೋ ಸಾರಿ. ಟ್ರೆಡಿಷನಲ್ ಟ್ಯೂನ್ ಅಂದ್ಕೊಂಡೆ. ಅರೇಂಜ್ ಮಾಡಿದ್ದು ನಾನೇ ಅಲ್ವಾ, ಸೋ ನನ್ನ ಹೆಸರು ಹಾಕಿದ್ರು."

"ಟ್ರೆಡಿಷನಲ್ ಅಲ್ಲಪ್ಪಾ. ಅದನ್ನ ಕಟ್ಟಿದಾಕಿ ಒಬ್ಬಾಕಿ ಇದ್ಲು. ಆಕಿಗೊಂದು ಹೆಸರೈತಿ."

"ಖಂಡಿತ ಆಂಟಿ. ಕ್ರೆಡಿಟ್ ಚೇಂಜ್ ಮಾಡಿಸ್ತೀನಿ. ಲೀಗಲ್‌ನವರು ಕೇಳ್ತಾರೆ ಅಷ್ಟೆ. ಸ್ಕೋರ್ ಇದ್ಯಾ? ಹಳೇ ರೆಕಾರ್ಡಿಂಗ್? ಎನಿಥಿಂಗ್ ಆನ್ ಪೇಪರ್?"

ಶಂಕ್ರೆವ್ವ ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ ಇಟ್ಟಳು. ವಿಭವ್‌ಗೆ ಅರ್ಥವಾಗಲಿಲ್ಲ. ಅವಳು ಏನೋ ಕೊಡುತ್ತಾಳೆ ಎಂದುಕೊಂಡು ಕಾದ.

"ಕಾಗದ ಇಲ್ಲಪ್ಪಾ," ಎಂದಳು.

"ಹಾಗಾದ್ರೆ ಡಿಫಿಕಲ್ಟ್ ಆಗುತ್ತೆ ಆಂಟಿ," ಎಂದ ಅವನು ನಿಜವಾಗಿಯೂ ನೊಂದುಕೊಂಡು.

ದಾರಿಯಲ್ಲಿ ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನನ್ನಲ್ಲ, ಅವಳನ್ನು, ಎಸ್ತೇರ್ ಟೀಚರನ್ನು, ಧಾರವಾಡದ ಗವಾಯಿಗಳೆಲ್ಲರನ್ನೂ. ಬರೆದಿಟ್ಟರೆ ಕದಿಯುತ್ತಾರೆ ಎಂದು ಬರೆಯದೆ ಇಟ್ಟಿರಿ, ಈಗ ನಿಮ್ಮದು ಎನ್ನಲು ಒಂದು ಚೂರು ಆಧಾರವಿಲ್ಲ. ಉಳಿದ ನಾಲ್ಕನ್ನಾದರೂ ಈಗಲೇ ಬರೆಯಿರಿ ಎಂದೆ. ಶಂಕ್ರೆವ್ವ ಕೊಡೆ ಮಡಚಿಕೊಂಡು ನಡೆಯುತ್ತಲೇ ಇದ್ದಳು.

"ಅಕ್ಷತಾನ ಕೈಯಾಗಿನ ಉಳಿದ ಮೂರೂ ಇವತ್ತಿಲ್ಲ ನಾಳೆ ಅವನ ಕೈಗೇ ಹೋಗ್ತಾವು. ಒಂದಽ ಐತಿ ಈಗ ನನ್ನ ಹತ್ರ. ಅದನ್ನ ಯಾರಿಗೂ ಕೊಡಂಗಿಲ್ಲ. ನುಡಸಂಗೂ ಇಲ್ಲ. ಗ್ವಾಡಿಗೂ ಕಿವಿ ಬಂದಾವು."

"ನುಡಿಸದೇ ಇದ್ರೆ ಮರೆತುಹೋಗಲ್ವೇ?"

"ಎಲ್ಲಿ ಮರೀತೀನ್ರೀ," ಎಂದಳು. "ಹೆಸರು ಮರತೇನು, ಅದನ್ನ ಮರೀತೀನಾ?"

ಆಮೇಲೆ ಬಂತು ಸನ್ಮಾನ. ನಮ್ಮ ಈಶಾನ್ಯ ಕನ್ನಡ ಬಳಗಕ್ಕೆ ನವೆಂಬರ್ ಬಂದರೆ ಯಾರಿಗಾದರೂ ಶಾಲು ಹೊದಿಸದಿದ್ದರೆ ನಿದ್ದೆ ಬರುವುದಿಲ್ಲ. ಆ ವರ್ಷದ ಹೆಮ್ಮೆಯ ಕನ್ನಡಿಗ ವಿಭವ್. ಶಾಲು ಹೊದಿಸಿ ಪೇಟ ತೊಡಿಸಲು ಹಿರಿಯ ಸಂಗೀತಗಾರರೊಬ್ಬರು ಬೇಕಲ್ಲ? ಅಧ್ಯಕ್ಷರಾದ ಅನಂತರಾಮ್ ಶಂಕ್ರೆವ್ವನ ಮನೆಗೇ ಬಂದು ಕರೆದರು. ನಾನು ಹೋಗಬೇಡಿ ಎಂದೆ. ಚೇತನಕುಮಾರರು, "ನಾಕು ಮಂದಿ ಕರದಾಗ ಒಲ್ಲೆ ಅನಬಾರದು, ಹುಡುಗನ್ನ ನೋಡಿದ್ರ ಛಲೋ ಕಾಣತಾನ," ಎಂದರು. ಶಂಕ್ರೆವ್ವ ಒಪ್ಪಿದಳು. ಅಲ್ಲಿ ನಾಲ್ಕು ಜನರ ಎದುರು ಮೈಕಿನಲ್ಲಿ ಮೀನಾಬಾಯಿಯ ಹೆಸರು ಹೇಳುತ್ತೇನೆ, ಕಾಗದ ಇಲ್ಲದಿದ್ದರೆ ಸಾಕ್ಷಿಗಳಾದರೂ ಇರಲಿ ಎಂಬುದು ಅವಳ ಎಣಿಕೆ.

ಕಮ್ಯುನಿಟಿ ಕ್ಲಬ್ಬಿನ ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ಮಕ್ಕಳು ಓಡಾಡುತ್ತಿದ್ದವು, ಪಕ್ಕದ ಕೋಣೆಯಿಂದ ಬಿಸಿಬೇಳೆಬಾತಿನ ವಾಸನೆ. ಶಂಕ್ರೆವ್ವ ಶಾಲು ಹೊದಿಸಿದಳು, ಪೇಟ ಇಟ್ಟಳು, ಹುಡುಗ ಮತ್ತೆ ಕಾಲು ಮುಟ್ಟಿದ. ಮೈಕು ಕೈಗೆ ಬಂತು. ಸಭೆಯಲ್ಲಿ ಬೆಂಗಳೂರಿನ ಕನ್ನಡವನ್ನೇ ಆಡುವ ಅವಳು ಅಂದು ತನ್ನ ಊರಿನದನ್ನೇ ಆಡಿದಳು.

"ಈ ಹಾಡು ಮೀನಾಬಾಯಿ ಅನ್ನಾಕಿದು. ವಿಲ್ಹೆಲ್ಮಿನಾ ರೋಟ್ ಅಂತ ಆಕಿ ಹೆಸರು. ಧಾರವಾಡದಾಗ ಇದ್ಲು. ಆಕಿ ಕೂಸು ತೀರಿಕೊಂಡಾಗ ಇದನ್ನ ಕಟ್ಟಿದ್ಲು. ಇದು ವಿಭವ್‌ದಲ್ಲ. ನಂದೂ ಅಲ್ಲ. ನೀವೆಲ್ಲಾ ನೆನಪಿಟ್ಕೋರಿ."

ಅನಂತರಾಮ್ ನಗುನಗುತ್ತ ಮೈಕು ಇಸಿದುಕೊಂಡರು. "ನೋಡಿ, ಎಂಥ ಮಾತು! ಈ ಸಂಗೀತ ನಮ್ಮದಲ್ಲ, ಹಿಂದಿನವರದು ಅಂತ. ಎಂಥ ವಿನಯ! ಆಂಟಿಯವರಿಗೆ ಒಂದು ಜೋರಾದ ಚಪ್ಪಾಳೆ. ಊಟದ ಕೂಪನ್ ಇಲ್ಲದವರು ದಯವಿಟ್ಟು ಎಡಗಡೆ ಕೌಂಟರಿಗೆ ಬನ್ನಿ." ಚಪ್ಪಾಳೆ ಬಿತ್ತು. ಜೋರಾಗಿಯೇ ಬಿತ್ತು. ಸ್ಪೀಕರಿನಲ್ಲಿ ಪುಂಗೋಲ್ ಮಾರ್ನಿಂಗ್ ಹಾಕಿದರು, ಜನ ಅದಕ್ಕೆ ತಲೆದೂಗುತ್ತ ಸಾಲಿನಲ್ಲಿ ನಿಂತರು. ನಾನು ಶಂಕ್ರೆವ್ವನ ಕೈ ಹಿಡಿದು ಹೊರಗೆ ಕರೆತಂದೆ. ಟ್ಯಾಕ್ಸಿ ಹಿಡಿದು ಮನೆಗೆ ಬಂದೆವು.

ಅದರ ಮುಂದಿನದು ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ದಿನದಿನವೂ ನಡೆಯಿತು. ಪಾಠಕ್ಕೆ ಬರುವ ಮಕ್ಕಳಿಗೆಲ್ಲ ಪುಂಗೋಲ್ ಮಾರ್ನಿಂಗ್ ಬೇಕಾಯಿತು. ತಾವು ಬೆಳೆಯುತ್ತಿರುವ ಊರಿನ ಹೆಸರಿನ ಹಾಡು, ಬೇಡವೆನ್ನುವ ಮಗು ಯಾವುದು? "ಟೀಚರ್ ಶಾನ್, ದಿಸ್ ಒನ್ ಕ್ಯಾನ್ ಟೀಚ್ ಆರ್ ನಾಟ್?" ತಾಯಂದಿರು ವಿಭವ್‌ನ ಹೆಸರಿದ್ದ ನೊಟೇಷನ್ ಪ್ರಿಂಟ್ ಹಾಕಿಸಿ ತಂದರು. ಕಲಿಸುವುದಿಲ್ಲ ಎಂದಾಗ ಇಬ್ಬರು ಬೇರೆ ಟೀಚರ ಹತ್ತಿರ ಹೋದರು. ಚೇತನಕುಮಾರರು ಆಗ ಮಂಡಿಯ ಆಪರೇಷನ್ ಆಗಿ ಮನೆಯಲ್ಲಿದ್ದರು. ಪಾಠ ಬಿಟ್ಟು ಕೂರುವ ಹಾಗಿರಲಿಲ್ಲ. ಶಂಕ್ರೆವ್ವ ಕಲಿಸತೊಡಗಿದಳು. ಡ್ರಮ್ಮಿನ ಜಾಗದಲ್ಲಿ ಎಡಗೈಯ ಕುಣಿತ, ಅಳುವಿನ ಜಾಗದಲ್ಲಿ ಹಾರಿಕೊಂಡು ಹೋಗುವ ಸ್ವರಗಳ ಸೇತುವೆ. ಒಂದು ಮಗುವಾದ ಮೇಲೆ ಇನ್ನೊಂದು. ಎರಡು ವರ್ಷ. ಬ್ಲಾಕಿನ ಬುಡದ ತೆರೆದ ಜಾಗ, ವಾಯ್ಡ್ ಡೆಕ್ಕಿನಲ್ಲಿ ಕೂತಿದ್ದರೂ ನನಗೆ ಅದು ಕೇಳುತ್ತಿತ್ತು.

ಕಳೆದ ತಿಂಗಳು ಅಕ್ಷತಾ ಬಂದಳು. ಸ್ಟುಡಿಯೋ ಬಿಟ್ಟು, ಓದು ಮುಗಿಸಿ, ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತಾಳೆ. ಮೊದಲು ನನ್ನ ಮನೆಗೆ ಬಂದಳು, ಒಬ್ಬಳೇ ಮೇಲೆ ಹೋಗುವ ಧೈರ್ಯವಿರಲಿಲ್ಲ. ನಾನೇ ಕರೆದುಕೊಂಡು ಹೋದೆ.

"ಆಂಟಿ, ಉಳಿದ ಮೂರನ್ನ ಯಾರಿಗೂ ಕೊಟ್ಟಿಲ್ಲ. ವಿಭವ್ ತುಂಬಾ ಸಲ ಕೇಳಿದ್ರು, ನುಡಿಸಲಿಲ್ಲ. ಐದನೇದು ಕಲಿಸಿ. ಪ್ರಾಮಿಸ್ ಮಾಡ್ತೀನಿ. ನಾನೂ ಹೀಗೇ ಕೈಯಿಂದಲೇ ಕಲಿಸ್ತೀನಿ."

ಶಂಕ್ರೆವ್ವ ಹುಡುಗಿಯ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಒಳಗೆ ಹೋಗಿ ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಲಿಂಗಕ್ಕೆ ಕೈಮುಗಿದು ಬಂದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ಎರಡು ವರ್ಷದಿಂದ ನೋಡಿರಲಿಲ್ಲ. ಇಬ್ಬರೂ ಪಿಯಾನೋದ ಮುಂದೆ ಕೂತರು. ಮುದುಕಿಯ ಕೈಗಳ ಮೇಲೆ ಹುಡುಗಿಯ ಕೈಗಳು ಬಂದವು.

ಐದನೆಯದು ಶುರುವಾಯಿತು. ಮೊದಲ ಸಲ ಕೇಳುತ್ತಿದ್ದೆ. ನಿಧಾನ, ಕೆಳಗಿನ ದನಿ, ಯಾರೋ ಮನೆಯೊಳಗೆ ಒಂದೊಂದೇ ಕೋಣೆಯ ಬಾಗಿಲು ತೆರೆದು ನೋಡುವ ಹಾಗೆ. ಸಂಗೀತ ನನಗೆ ಅಷ್ಟಕ್ಕಷ್ಟೆ, ಆದರೂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಸ್ವಲ್ಪ ದೂರ ಹೋಗಿ, ಒಂದು ತಿರುವಿನಲ್ಲಿ ಬಲಗೈ ಮೇಲಕ್ಕೆ ಹೋಯಿತು, ಎಡಗೈ ಕುಣಿಯಿತು, ನಡೆ ಚುರುಕಾಯಿತು. ಕಾಲುವೆಯ ದಡ, ಸೈಕಲ್ಲುಗಳು, ಕಾಂಡೋ. ಶಂಕ್ರೆವ್ವ ನಿಲ್ಲಿಸಿದಳು.

"ತಪ್ಪಿತು," ಎಂದಳು. ಮತ್ತೆ ಮೊದಲಿನಿಂದ. ಮತ್ತೆ ಬಾಗಿಲುಗಳು, ಮತ್ತೆ ಅದೇ ತಿರುವು, ಮತ್ತೆ ಪುಂಗೋಲ್ ಮಾರ್ನಿಂಗ್. ತೊಟ್ಟಿಲೂ ಐದನೆಯದೂ ಆ ತಿರುವಿನಲ್ಲಿ ಒಂದನ್ನೊಂದು ಮುಟ್ಟಿಕೊಂಡು ಹೋಗುತ್ತಿದ್ದವಂತೆ, ಬೆರಳಿಗೆ ಮಾತ್ರ ಗೊತ್ತಿದ್ದ ವ್ಯತ್ಯಾಸ. ಈಗ ಬೆರಳಿಗೆ ಗೊತ್ತಿದ್ದದ್ದು ದಿನವೂ ಮಕ್ಕಳಿಗೆ ಕಲಿಸಿದ್ದು. ಎಡಗೈ ಒಂದನ್ನೇ ನುಡಿಸಿ ನೋಡಿದಳು. ಕಣ್ಣು ಮುಚ್ಚಿ ನೋಡಿದಳು. ಹಾಡಲು ಬಾಯಿ ತೆರೆದಳು, ಬಾಯಿಗೆ ಅದು ಯಾವತ್ತೂ ಗೊತ್ತಿರಲಿಲ್ಲ. ಅಕ್ಷತಾ ತನ್ನ ಕೈಗಳನ್ನು ತೆಗೆಯದೆ ಹಾಗೇ ಇಟ್ಟುಕೊಂಡಿದ್ದಳು. ಅವಳ ಕಣ್ಣೀರು ಮುದುಕಿಯ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು.

"ಅವನ ಕೈಗೆ ಹೋಗಬಾರದು ಅಂತ ಮುಚ್ಚಿಟ್ಟೆ," ಎಂದಳು ಶಂಕ್ರೆವ್ವ ನನ್ನ ಕಡೆ ತಿರುಗಿ. "ಅವನೇ ಬಂದು ಕುಂತಾನ ನೋಡ್ರೀ ಅದರ ಜಾಗದಾಗ. ಮೀನಾಬಾಯಿ ಹ್ವಾದ್ಲು ಸೀತಾ."

ನಾಳೆ ನೆನಪಾಗುತ್ತೆ ಎನ್ನಬಹುದಿತ್ತು. ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು.

ಕರೆಗಂಟೆ ಸದ್ದಾಯಿತು. ಮಧ್ಯಾಹ್ನದ ಪಾಠದ ಹುಡುಗಿ, ಅಜ್ಜಿಯ ಜೊತೆ ಬಂದವಳು. ಅಕ್ಷತಾ ಎದ್ದು ಜಾಗ ಬಿಟ್ಟಳು. ಮಗು ಚೀಲದಿಂದ ಪುಂಗೋಲ್ ಮಾರ್ನಿಂಗಿನ ಪ್ರಿಂಟ್ ಹಾಳೆಗಳನ್ನು ತೆಗೆದು ಸ್ಟ್ಯಾಂಡಿನ ಮೇಲೆ ಇಟ್ಟಿತು. ಶಂಕ್ರೆವ್ವ ಸೆರಗಿನಿಂದ ಕೈ ಒರೆಸಿಕೊಂಡು, ಪಕ್ಕದಲ್ಲಿ ಕೂತು, "ಓಕೆ, ಫ್ರಮ್ ದ ಟಾಪ್," ಎಂದು ಎಣಿಸಲು ಶುರು ಮಾಡಿದಳು.